ಭಾವ ಬೆಳೆಸಿದ ಕತ್ತಿಯ ಹುಡುಗಿ

ಭಾವನ ಎರಡೂ ಹೆಬ್ಬೆರಳಿನ ತುದಿಗಳು ಸವೆದು ಹೊಳೆಯುತ್ತಿದ್ದವು. ವಿಡಿಯೋ ಗೇಮಿನ ಕಂಟ್ರೋಲರ್ ಒತ್ತಿ ಒತ್ತಿ ಬಂದ ಹೊಳಪು. ತಾನು ಕುಡಿದ ಚಹಾದ ಕಪ್ಪನ್ನು ಎತ್ತಿ ಸಿಂಕಿನಲ್ಲಿಡಲು ಮಾತ್ರ ಆ ಬೆರಳುಗಳಿಗೆ ಎಂದೂ ಬಲ ಬರಲಿಲ್ಲ.

ಕಾಲೇಜಿಗೆಂದು ಪುಣೆಗೆ ಬಂದ ನಾನು ಕೋಥರೂಡದ ಅಕ್ಕನ ಮನೆಯಲ್ಲಿದ್ದೆ. ಅಕ್ಕನ ಗಂಡನಾದ ಈ ಮಹಾಶಯ ಆಫೀಸಿನಿಂದ ಬಂದವನೇ ಟಿವಿ ಮುಂದೆ ಕೂತರೆ ಊಟದ ತಾಟೂ ಅಲ್ಲಿಗೇ ಹೋಗಬೇಕು. ಆಟದಲ್ಲಿ ಅವನ ಜೊತೆ ಊರೂರು ಸುತ್ತುವ, ಕತ್ತಿ ಹಿಡಿದ ಒಬ್ಬ ಹುಡುಗಿ ಇದ್ದಳು. ಅವಳು ಏನಾದರೂ ಕೇಳಿದಾಗ ಪರದೆಯ ಮೇಲೆ ಎರಡು ಮೂರು ಉತ್ತರ ಮೂಡುತ್ತಿದ್ದವು. ಮನಸ್ಸರಿತು ಆರಿಸುತ್ತ ಹೋದರೆ ಅವಳು ಪ್ರೀತಿಸುತ್ತಾಳೆ, ಬೇರೆಯೇ ಹೆಣ್ಣಾಗಿ ಬೆಳೆಯುತ್ತಾಳೆ.

"ಬರೇ ಚಂದ ಇದ್ದೀ ಅಂದ್ರ ಅಕಿ ಮಾರಿ ತಿರುವತಾಳ," ಎಂದು ನನಗೆ ಪಾಠ ಬೇರೆ. "ಅಕಿ ಅಂಜಿಕಿ ಏನದ, ಆಸೆ ಏನದ, ಕೇಳಬೇಕು. ಮೊದಲ ಅಪ್ಪನ ಮಾತು ಮೀರತಿದ್ದಿಲ್ಲ. ಈಗ ನೋಡು, ತನ್ನ ಕಾಲ ಮ್ಯಾಲೆ ನಿಂತಾಳ." ಹೇಳುತ್ತ ಕಣ್ಣು ಒದ್ದೆ ಮಾಡಿಕೊಳ್ಳುತ್ತಿದ್ದ. ಅಕ್ಕನ ಆಸೆ ಏನೆಂದು ಯಾರಾದರೂ ಕೇಳಿದ್ದರೆ ಆಸಾಮಿ ತಡವರಿಸುತ್ತಿದ್ದ.

ಅಕ್ಕ ಓಣಿಯ ಶಿಶುವಿಹಾರದಲ್ಲಿ ಕಲಿಸುತ್ತಿದ್ದಳು. ಕಿವಿ ಕೇಳದ ಮಕ್ಕಳಿಗೆ ಕಲಿಸುವ ತರಬೇತಿಗೆ ನಾಸಿಕದಲ್ಲಿ ಅವಳಿಗೆ ಸೀಟು ಸಿಕ್ಕಿತು. ಒಂದು ವರ್ಷ ಅಲ್ಲೇ ಇರಬೇಕು. ಎಷ್ಟು ದಿನದಿಂದ ಕಾದಿದ್ದಳೋ. ಭಾನುವಾರ ಮಧ್ಯಾಹ್ನ ಅವನ ಪಕ್ಕ ನಿಂತು ಹೇಳಿದಳು.

"ಈಗ್ಯಾಕ ಅದೆಲ್ಲಾ? ಮನಿ ಯಾರು ನೋಡಬೇಕು?" ಕತ್ತು ತಿರುಗಿಸದೆ ಅಂದ.

ಅವನ ತಲೆ ಬೇರೆ ಕಡೆ ಇತ್ತು. ದೂರದ ಗುರುವಿನ ಹತ್ತಿರ ಕಲಿಯಲು ಹೋಗಲೇ ಎಂದು ಕತ್ತಿಯ ಹುಡುಗಿ ಕೇಳಿದ್ದಳು. ಬೆಳಗಿನಿಂದ ಅದೇ ಚಿಂತೆಯಲ್ಲಿ ಕೂತಿದ್ದ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಎರಡು ಉತ್ತರ: ಒಂದು, "ನನ್ನ ಬಿಟ್ಟು ಹೋಗಬೇಡ"; ಇನ್ನೊಂದು, "ಹೋಗಿ ಬಾ, ಕಾಯುತ್ತೇನೆ." ಭಾವ ಎರಡನೆಯದನ್ನು ಒತ್ತಿದ.

ಅಕ್ಕ ಓದಿದಳು. "ಏನ್ರಿ, ನನಗೂ ಅದನ್ನ ಅನ್ರಿ."

"ಏ, ಅದು ಆಟ ಅದ."

ಅಕ್ಕ ಒಳಗೆ ಹೋಗಿ ಕಪಾಟಿನ ಮೇಲಿನ ಬ್ಯಾಗು ಇಳಿಸಿದಳು. ಅವಳನ್ನು ನಾಸಿಕದ ಬಸ್ಸು ಹತ್ತಿಸಿದ್ದು ನಾನು.

ವರ್ಷದ ಮೇಲೆ ಮರಳಿ ಬಂದು ಒಳ್ಳೆಯ ಶಾಲೆ ಸೇರಿದಳು. ಗಣಪತಿಗೆ ಬಂದ ನೆಂಟರ ಮುಂದೆ ಭಾವ ಎದೆ ಉಬ್ಬಿಸಿ, "ನಾನ ಕಳಿಸಿದ್ದು. ಹೆಂಡತಿನ್ನ ನಾವು ಬೆಳಸಬೇಕ್ರಿ," ಎಂದ. ಥೂ. ಆಟದ ಹುಡುಗಿ ಅವನು ಒತ್ತಿದ ಗುಂಡಿಯಿಂದ ಬೆಳೆದಳು, ಒಪ್ಪುತ್ತೇನೆ. ಅಕ್ಕ ಬೆಳೆದದ್ದು ಅವನು ಬೇಡವೆಂದ ಮೇಲೆ. ಅಕ್ಕ ಮೋದಕದ ತಾಟು ಹಿಡಿದು ನಕ್ಕಳು. ನನಗೆ ನಗು ಬರಲಿಲ್ಲ.

ಹೋದ ವರ್ಷ ನನ್ನನ್ನು ನೋಡಲು ಪುಣೆಯದೇ ವಾಕಡದಿಂದ ಒಬ್ಬ ವರ ಬಂದಿದ್ದ. ಅವಲಕ್ಕಿಯ ಪೋಹೆ ತಿನ್ನುತ್ತ, ಭಾಳ ದೊಡ್ಡ ಮನಸ್ಸಿನಿಂದ, "ಮದುವಿ ಆದಮ್ಯಾಲೂ ನಿಮಗ ಕೆಲಸಕ್ಕ ಬಿಡ್ತೀನ್ರಿ. ನಾ ನಿಮ್ಮನ್ನ ಬೆಳಸ್ತೀನಿ," ಎಂದ. ಮೂಲೆಯಲ್ಲಿ ಕೂತಿದ್ದ ಭಾವ ಮೆಚ್ಚಿ ತಲೆಯಾಡಿಸಿದ. ಅದನ್ನು ನೋಡಿದ್ದೇ ತಡ, ನನಗೆ ಉತ್ತರ ಸಿಕ್ಕಿತು. ಪೋಹೆಯ ತಟ್ಟೆ ಖಾಲಿಯಾಗುವ ಮೊದಲೇ ಬೇಡ ಅಂದೆ.

ಭಾವನ ಈ ಒಂದು ಉಪಕಾರವನ್ನು ಸಾಯುವ ತನಕ ಮರೆಯುವುದಿಲ್ಲ.