ಮೊಸರಿನ ಬೀರುವಿನಲ್ಲಿ ಹಾವಿನ ಮರಿ

ಆ ಮರಿ ಪೆನ್ಸಿಲ್ಲಿಗಿಂತ ತೆಳ್ಳಗಿತ್ತು. ಕಿತ್ತಳೆ ಬಣ್ಣದ ಮೈ, ಬೆನ್ನುದ್ದಕ್ಕೂ ಇಟ್ಟಿಗೆ ಬಣ್ಣದ ಮಚ್ಚೆಗಳು. ಕಾರ್ನ್ ಸ್ನೇಕ್ ಎಂಬ ಜಾತಿ. ವಿಷವಿಲ್ಲ. ಲಂಡನ್ನಿನಲ್ಲಿ ಕೆಲವರು ಮೊಲ ಸಾಕುವಷ್ಟೇ ಸಲೀಸಾಗಿ ಇದನ್ನೂ ಸಾಕುತ್ತಾರೆ. ನನ್ನ ಸಹಪಾಠಿಯೊಬ್ಬಳ ಮನೆಯಲ್ಲಿ ಮೊಟ್ಟೆಯೊಡೆದು ಬಂದ ಮರಿಗಳಲ್ಲಿ ಇದೂ ಒಂದು. ಮಿಕ್ಕವೆಲ್ಲ ಮೊದಲ ಪೊರೆ ಬಿಟ್ಟ ಮೇಲೆ ತಿನ್ನಲು ಶುರುಮಾಡಿದವು. ಇದೊಂದು ಆಹಾರದ ಕಡೆ ತಲೆಯನ್ನೂ ತಿರುಗಿಸಲಿಲ್ಲ.

"ಕೆಲವು ಹೀಗೇ. ಬದುಕೋದಿಲ್ಲ," ಎಂದಳು ಆಕೆ. ನಿಷ್ಕರುಣೆಯಿಂದೇನೂ ಅಲ್ಲ, ಹವಾಮಾನ ವರದಿ ಹೇಳಿದ ಹಾಗೆ.

ನಾನು ಆಗ ಎಂಎಸ್ಸಿ ಓದುತ್ತಿದ್ದೆ. ನನ್ನ ವಿಷಯ ಬೀಜಗಳ ಮೊಳಕೆ. ಹಾವಿಗೂ ನನಗೂ ಸಂಬಂಧವಿರಲಿಲ್ಲ. ಆದರೂ "ನಾನು ನೋಡಿಕೊಳ್ಳಲಾ?" ಎಂದು ಕೇಳಿದ್ದು ನಾನೇ. ಕೇಳಿದ ಮೇಲೆ ನನಗೇ ಆಶ್ಚರ್ಯವಾಯಿತು. ಆ ಸಂಜೆ ಗಾಳಿತೂತು ಮಾಡಿದ ಪ್ಲಾಸ್ಟಿಕ್ ಡಬ್ಬವನ್ನು ಕೋಟಿನೊಳಗೆ ಇಟ್ಟುಕೊಂಡು ಡಿಸ್ಟ್ರಿಕ್ಟ್ ಲೈನ್ ರೈಲಿನಲ್ಲಿ ಈಸ್ಟ್ ಹ್ಯಾಮ್‌ಗೆ ಬಂದೆ.

ಅಲ್ಲಿ ನಾನಿದ್ದದ್ದು ದೊಡ್ಡಮ್ಮನ ಮನೆಯಲ್ಲಿ. ನನ್ನಮ್ಮನ ಅಕ್ಕ. ಮೈಸೂರಿನಿಂದ ಬಂದು ಬಹಳ ವರ್ಷವಾಗಿದ್ದರೂ ಅವರ ಅಡುಗೆಮನೆಯೊಳಗೆ ಮೊಟ್ಟೆ ಕೂಡ ಬಂದಿರಲಿಲ್ಲ. ಬಾಗಿಲಲ್ಲೇ ನಿಂತು ಡಬ್ಬದಲ್ಲಿ ಏನಿದೆ ಎಂದು ಹೇಳಿದೆ. ದೊಡ್ಡಮ್ಮ ಎರಡು ಹೆಜ್ಜೆ ಹಿಂದೆ ಹೋಗಿ, ಆಮೇಲೆ ಕೈ ಮುಗಿದರು.

"ಮನೆದೇವರು ಸುಬ್ರಹ್ಮಣ್ಯ ಅಂತ ಗೊತ್ತಿದ್ದೂ ತಂದ್ಯಲ್ಲೇ. ಈಗ ಆಚೆ ಕಳಿಸೋ ಹಾಗೂ ಇಲ್ಲ."

"ಬೇಡ ಅಂದ್ರೆ ನಾಳೇನೇ ವಾಪಸ್ ಕೊಡ್ತೀನಿ ದೊಡ್ಡಮ್ಮ."

"ಬಾಗಿಲಿಗೆ ಬಂದಿದ್ದನ್ನ ವಾಪಸ್ ಕಳಿಸ್ತಾರಾ? ಏನು ತಿನ್ನುತ್ತೆ ಅದು?"

"ಏನೂ ತಿಂತಿಲ್ಲ. ಅದೇ ತೊಂದರೆ."

ದೊಡ್ಡಮ್ಮನ ಮುಖ ಬದಲಾಯಿತು. ಭಯ ಹೋಗಿ ಇನ್ನೊಂದು ತರಹದ ಚಿಂತೆ ಬಂತು. "ಮನೇಲಿ ಹಾವು ಸತ್ರೆ ಅದಕ್ಕೆ ಸಂಸ್ಕಾರ ಮಾಡಿಸ್ಬೇಕು, ಮನುಷ್ಯರಿಗೆ ಮಾಡಿಸಿದ ಹಾಗೇ. ಇಲ್ಲದಿದ್ರೆ ಮಕ್ಕಳುಮರಿಗೆ ದೋಷ. ಈ ಊರಲ್ಲಿ ಅದನ್ನೆಲ್ಲ ಯಾರು ಮಾಡಿಸ್ತಾರೆ?"

ಒಳಗಿನಿಂದ ದೊಡ್ಡಪ್ಪ, "ಕೌನ್ಸಿಲ್‌ಗೆ ಫೋನ್ ಮಾಡಿದ್ರೆ ಬಂದು ಎತ್ಕೊಂಡು ಹೋಗ್ತಾರೆ," ಎಂದರು. ದೊಡ್ಡಮ್ಮ ಅತ್ತ ತಿರುಗಿಯೂ ನೋಡಲಿಲ್ಲ. ಅಂದಿನಿಂದ ಆ ಮರಿ ಬದುಕಲೇಬೇಕಾಯಿತು.

ಅದರ ಆಹಾರ ಇಲಿಮರಿ. ಕಣ್ಣು ಬಿಡದ, ಕೂದಲು ಬಾರದ ಇಲಿಮರಿಗಳನ್ನು ಮಂಜುಗಟ್ಟಿಸಿ ಮಾರುತ್ತಾರೆ. ಅದನ್ನು ದೊಡ್ಡಮ್ಮನ ಫ್ರೀಜರಿನಲ್ಲಿ ತೆಂಗಿನತುರಿ, ಕರಿಬೇವಿನ ಪೊಟ್ಟಣಗಳ ಪಕ್ಕ ಇಡುವ ಮಾತೇ ಇರಲಿಲ್ಲ. ಹಾಗಾಗಿ ಅವು ಸಹಪಾಠಿಯ ಫ್ರೀಜರಿನಲ್ಲಿದ್ದವು. ಬೇಕಾದ ದಿನ ಒಂದನ್ನು ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಹಾಕಿಕೊಂಡು ಬರುತ್ತಿದ್ದೆ. ಆ ಡಬ್ಬಿಯ ಹಿಡಿಗೆ ದೊಡ್ಡಮ್ಮ ಕೆಂಪು ದಾರ ಕಟ್ಟಿದ್ದರು, ಬೇರೆ ಡಬ್ಬಿಗಳ ಜೊತೆ ಸೇರಬಾರದೆಂದು. ಒಳಗೇನಿದೆ ಎಂದು ಒಮ್ಮೆಯೂ ಕೇಳಲಿಲ್ಲ. "ಅದರ ಊಟ ತಂದ್ಯಾ?" ಎಂದಷ್ಟೇ ಕೇಳುತ್ತಿದ್ದರು.

ಮರಿಯನ್ನು ಎಲ್ಲಿಡಬೇಕೆಂದು ನಿರ್ಧರಿಸಿದ್ದೂ ಅವರೇ. ಚಪ್ಪಲಿ ಬಿಡುವ ಕಡೆ ಬೇಡ, ಅಡುಗೆಮನೆ ಬೇಡ, ಮಂಚದ ಕೆಳಗೆ ಖಂಡಿತ ಬೇಡ. ಕೊನೆಗೆ ನಡುಮನೆಯಲ್ಲಿ ದೇವರ ಗೂಡಿನ ಪಕ್ಕದ ಮೇಜೇ ಯೋಗ್ಯ ಸ್ಥಳವೆಂದಾಯಿತು. ನಾನು ಗಾಜಿನ ತೊಟ್ಟಿಯನ್ನು ಅಲ್ಲಿಟ್ಟು, ಒಂದು ತುದಿಗೆ ಶಾಖದ ಚಾಪೆ, ಅಡಗಲು ಮುರಿದ ಹೂಕುಂಡದ ಚೂರು, ನೀರಿನ ಬಟ್ಟಲು ಇಟ್ಟೆ. ಇಲಿಮರಿಯ ಮಂಜನ್ನು ಬೆಚ್ಚಗಿನ ನೀರಿನಲ್ಲಿ ಬಿಡಿಸಿ, ಚಿಮಟದಲ್ಲಿ ಹಿಡಿದು ಅದರ ಮುಂದೆ ಮೆಲ್ಲಗೆ ಆಡಿಸಿದೆ. ಮರಿ ನಾಲಗೆ ಚಾಚಿ, ಒಳಗೆಳೆದುಕೊಂಡು, ಹೂಕುಂಡದ ಚೂರಿನ ಹಿಂದೆ ಸರಿಯಿತು. ಮುಂದಿನ ಸಲವೂ ಹಾಗೇ. ಅದರ ಮುಂದಿನ ಸಲವೂ.

ದೊಡ್ಡಮ್ಮ ತಮ್ಮ ಪಾಲಿನ ಉಪಚಾರ ಶುರುಮಾಡಿದರು. ಬೆಳಿಗ್ಗೆ ಪೂಜೆಯ ಮಂಗಳಾರತಿಯನ್ನು ತೊಟ್ಟಿಗೂ ತೋರಿಸುತ್ತಿದ್ದರು. ಊದುಬತ್ತಿಯನ್ನು ಎರಡು ಹಚ್ಚುತ್ತಿದ್ದರು, ಒಂದು ಅದಕ್ಕೆಂದು. ಒಂದು ದಿನ ನೀರಿನ ಬಟ್ಟಲಲ್ಲಿ ಹಾಲು ಕಂಡಿತು. ಹಾವಿಗೆ ಹಾಲು ಅರಗುವುದಿಲ್ಲವೆಂದು ಹೇಳಿ ನೀರು ಹಾಕಿದೆ. ನಾನು ಊಟವಿಟ್ಟ ಸಂಜೆಗಳಲ್ಲಿ ಅವರು ಕುರ್ಚಿ ಎಳೆದುಕೊಂಡು ತೊಟ್ಟಿಯ ಮುಂದೆ ಕೂರುತ್ತಿದ್ದರು. ಆಹಾರವನ್ನು ನೋಡಬಾರದೆಂದು ಮುಖವನ್ನು ಸ್ವಲ್ಪ ಆಚೆ ತಿರುಗಿಸಿಕೊಂಡಿರುತ್ತಿದ್ದರು.

"ತಿನ್ನಪ್ಪಾ, ಸಂಕೋಚ ಪಟ್ಕೋಬೇಡ," ಎನ್ನುತ್ತಿದ್ದರು. "ನಿನ್ನ ಮನೆ ಅನ್ಕೋ."

ಅದೇ ಮಾತನ್ನು ನನಗೂ ಹೇಳುತ್ತಿದ್ದರು. ನಮ್ಮ ಮನೆಗಳಲ್ಲಿ ಯಾರನ್ನೂ ಒಬ್ಬರೇ ಊಟಕ್ಕೆ ಬಿಡುವುದಿಲ್ಲ. ಎದುರು ಕೂತು, ಎಲೆಯೋ ತಟ್ಟೆಯೋ ಖಾಲಿಯಾಗುವುದನ್ನೇ ಕಾದು, ಬೇಡ ಎಂದರೂ ಒಂದು ಸೌಟು ಬಡಿಸುವುದು ಮರ್ಯಾದೆ. ನಾನು ಈಸ್ಟ್ ಹ್ಯಾಮ್‌ಗೆ ಬಂದ ಮೊದಲ ತಿಂಗಳುಗಳಲ್ಲಿ ಅವರು ಎದುರು ಕೂತಷ್ಟೂ ನನಗೆ ಉಣ್ಣಲಾಗುತ್ತಿರಲಿಲ್ಲ. ತಟ್ಟೆಯಲ್ಲಿ ಅರ್ಧ ಬಿಟ್ಟು ಏಳುತ್ತಿದ್ದೆ. ಅಡುಗೆ ಸೇರಲಿಲ್ಲವೆಂದು ಅವರು ತಿಳಿದಿದ್ದರು. ಹಾಗಲ್ಲವೆಂದು ಹೇಳುವುದು ಹೇಗೆಂದು ನನಗೆ ಗೊತ್ತಾಗಿರಲಿಲ್ಲ.

ಚಳಿ ಹೆಚ್ಚಿತು. ಮರಿಯ ಬೆನ್ನಿನ ಎರಡೂ ಕಡೆ ಚರ್ಮ ಒಳಗಿಳಿದು ನಡುಮೂಳೆ ದಾರದಂತೆ ಎದ್ದು ಕಾಣತೊಡಗಿತು. ಸಹಪಾಠಿಗೆ ಹೇಳಿದೆ. ಇನ್ನು ಕಾಯಬಾರದು, ಶನಿವಾರ ತಾನು ಬಂದು ಬಾಯಿ ಬಿಡಿಸಿ ಆಹಾರ ತುರುಕುವುದಾಗಿ ಆಕೆ ಹೇಳಿದಳು. ಅಷ್ಟು ಸಣ್ಣ ಮರಿಗೆ ಅದೂ ಅಪಾಯವೇ, ದವಡೆಗೆ ಪೆಟ್ಟಾಗಬಹುದು, ಹೆದರಿಕೆಯಿಂದಲೇ ಸಾಯಬಹುದು ಎಂದೂ ಹೇಳಿದಳು. ಬೇರೆ ದಾರಿ ಕಾಣದೆ ಒಪ್ಪಿದೆ.

ಮಾತು ಮುಗಿದು ಏಳುವಾಗ ಆಕೆ, "ನಿನ್ನ ಕೋಟಿನಿಂದ ಯಾವಾಗಲೂ ಒಂದು ವಾಸನೆ ಬರುತ್ತೆ, ಏನದು?" ಎಂದು ಕೇಳಿದಳು. ದೂರುವ ದನಿಯಲ್ಲ, ಬರೀ ಕುತೂಹಲ.

ನಾನು ತೋಳನ್ನು ಮೂಗಿಗೆ ಹಿಡಿದೆ. ನನಗೇನೂ ತಿಳಿಯಲಿಲ್ಲ. ಆಮೇಲೆ ಹೊಳೆಯಿತು: ಕರ್ಪೂರ. ನನ್ನ ಕೋಟು ನೇತಾಡುವುದು ಮುಂಬಾಗಿಲ ಹತ್ತಿರ. ಅಲ್ಲಿಗೇ ಇಷ್ಟು ವಾಸನೆ ಹಿಡಿಯುವುದಾದರೆ ದೇವರ ಗೂಡಿನ ಪಕ್ಕದ ಮೇಜಿನ ಗತಿ ಏನು? ಹಾವು ತನ್ನ ಆಹಾರವನ್ನು ಗುರುತಿಸುವುದು ನಾಲಗೆಯಿಂದ ವಾಸನೆ ಹಿಡಿದು. ನಮ್ಮ ಮರಿ ನಾಲಗೆ ಚಾಚಿದಾಗಲೆಲ್ಲ ಸಿಕ್ಕಿದ್ದು ಊದುಬತ್ತಿ, ಕರ್ಪೂರ, ಇಂಗಿನ ಒಗ್ಗರಣೆ. ಅದರ ಜೊತೆಗೆ ಗಂಟೆಯ ಸದ್ದಿಗೆ ಅದುರುವ ಮೇಜು, ಗಾಜಿನಾಚೆ ಎರಡು ದೊಡ್ಡ ಮುಖಗಳು. ಅದರಲ್ಲಿ ಒಂದು ನನ್ನದೇ.

ಟ್ಯೂಬ್ ರೈಲಿನಲ್ಲಿ ಕೂತು ದೊಡ್ಡಮ್ಮನಿಗೆ ಹೇಗೆ ಹೇಳುವುದೆಂದು ವಾಕ್ಯ ಜೋಡಿಸಿದೆ. ಮನೆ ತಲುಪಿದಾಗ ಒಂದೂ ನೆನಪಿರಲಿಲ್ಲ.

"ಅದನ್ನ ದೇವರ ಹತ್ತಿರದಿಂದ ಬೇರೆ ಕಡೆ ಇಡ್ಬೇಕು ದೊಡ್ಡಮ್ಮ. ಅದಕ್ಕೆ ಕರ್ಪೂರದ ವಾಸನೆ ಆಗಲ್ಲ. ನಾವು ನೋಡ್ತಿದ್ರೂ ತಿನ್ನಲ್ಲ."

ದೊಡ್ಡಮ್ಮ ಹುರುಳಿಕಾಯಿ ಹೆಚ್ಚುವುದನ್ನು ನಿಲ್ಲಿಸಿದರು. "ಅಂದ್ರೆ ನಾನು ಮಾಡಿದ್ದೇ ತೊಂದರೆಯಾಯ್ತು."

"ನಾನೂ ಅಷ್ಟೇ. ದಿನಾ ಎತ್ತಿ ಎತ್ತಿ ನೋಡ್ತಿದ್ದೆ."

"ಒಂದೇ ಕೂತು ತಿನ್ನು ಅಂತ ಹೇಗೆ ಬಿಟ್ಟು ಬರೋದೇ?"

"ಕೆಲವರಿಗೆ ಹಾಗೇ ಇಷ್ಟ," ಎಂದೆ.

ಅವರು ತಲೆಯೆತ್ತಿ ನನ್ನನ್ನು ನೋಡಿದರು. ಮತ್ತೆ ಹುರುಳಿಕಾಯಿ ಹೆಚ್ಚತೊಡಗಿದರು.

ಕತ್ತಲಿರಬೇಕು, ಬೆಚ್ಚಗಿರಬೇಕು, ಯಾರೂ ಓಡಾಡಬಾರದು, ವಾಸನೆ ಇರಬಾರದು. ಆ ಪುಟ್ಟ ಮನೆಯಲ್ಲಿ ಅಂಥ ಜಾಗ ಒಂದೇ ಇತ್ತು. ಮಹಡಿಯ ಮೇಲೆ ಬಿಸಿನೀರಿನ ಟ್ಯಾಂಕ್ ಇಟ್ಟಿದ್ದ ಗೋಡೆ ಬೀರು. ಇಲ್ಲಿನವರು ಅದರಲ್ಲಿ ಟವೆಲ್ಲು, ಹೊದಿಕೆಗಳನ್ನು ಬೆಚ್ಚಗಿಡುತ್ತಾರೆ. ದೊಡ್ಡಮ್ಮ ಹಾಲಿಗೆ ಹೆಪ್ಪು ಹಾಕಿ ಮೊಸರಾಗಲು ಇಡುತ್ತಿದ್ದರು. ವಾರದ ಕೊನೆಗೆ ದೋಸೆ ಹಿಟ್ಟನ್ನೂ. ಲಂಡನ್ನಿನ ಚಳಿಯಲ್ಲಿ ಗಟ್ಟಿ ಮೊಸರು ಮಾಡಿದ್ದು ಅವರ ದೊಡ್ಡ ಹೆಮ್ಮೆ. ಭಾನುವಾರ ಮನೆಗೆ ಬಂದವರೆಲ್ಲ ಅದನ್ನು ಹೊಗಳದೆ ಹೋಗುತ್ತಿರಲಿಲ್ಲ. ಆ ಬೀರುವನ್ನು ಬಿಟ್ಟುಕೊಡಿ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಕೇಳಬೇಕಾಗಲಿಲ್ಲ. ಕೈ ತೊಳೆದುಕೊಂಡು ಅವರೇ ಮೇಲೆ ಹೋದರು. ಮೊಸರಿನ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು, ಅಲುಗಿಸದೆ, ಮೆಟ್ಟಿಲಿಳಿದು ಬಂದರು.

"ಹೆಪ್ಪು ಹಾಕಿದ ಮೇಲೆ ನಾನೂ ಮುಚ್ಚಳ ತೆಗೆದು ನೋಡಲ್ಲ," ಎಂದರು. "ಹೋಗು, ಇಟ್ಟು ಬಾ."

ಮೇಲಿನ ಹಲಗೆ ತೀರಾ ಬಿಸಿಯಿತ್ತು. ಥರ್ಮಾಮೀಟರ್ ಇಟ್ಟು ನೋಡಿ ಕೆಳಗಿನ ಹಲಗೆ ಆರಿಸಿದೆ. ದೊಡ್ಡ ತೊಟ್ಟಿಯ ಬದಲು, ಮರಿ ಮೈ ಸುತ್ತಿ ಕೂರುವಷ್ಟೇ ಜಾಗವಿದ್ದ ಸಣ್ಣ ಡಬ್ಬ. ತಳಕ್ಕೆ ಕಾಗದದ ಟವೆಲ್. ಒಂದೆರಡು ದಿನ ಏನೂ ಕೊಡದೆ ಸುಮ್ಮನೆ ಬಿಟ್ಟೆ. ದೊಡ್ಡಮ್ಮ ಹಳೆಯ ಲಂಗದ ಲಾಡಿಯೊಂದನ್ನು ತಂದು ಬೀರುವಿನ ಎರಡು ಹಿಡಿಗಳಿಗೂ ಬಿಗಿದು ಗಂಟು ಹಾಕಿದರು. ಯಾರಿಗೆಂದು ಕೇಳಿದ್ದಕ್ಕೆ "ನನಗೇ" ಎಂದರು.

ಕೆಳಗೆ ದೊಡ್ಡಪ್ಪ ಅಂಗಡಿಯಿಂದ ತಂದ ಮೊಸರಿನ ಪ್ಲಾಸ್ಟಿಕ್ ಡಬ್ಬವನ್ನು ಚಮಚದಲ್ಲಿ ಕೆದಕುತ್ತ ಕೂತಿದ್ದರು. "ಅಳಿಯ ದೇವರಿಗೆ ರೂಮು ಕೊಟ್ಟಿದ್ದಾಯ್ತು. ನನಗೆ ಮನೆ ಮೊಸರು ಯಾವಾಗ?"

"ಅಳಿಯ ಊಟ ಮಾಡಿದ ಮೇಲೆ," ಎಂದರು ದೊಡ್ಡಮ್ಮ.

ಶುಕ್ರವಾರ ಸಂಜೆ ಊಟ ತಂದೆ. ಈ ಸಲ ಇಲಿಮರಿಯನ್ನು ಬರೀ ನೀರಿನಲ್ಲಿ ಚೆನ್ನಾಗಿ ತೊಳೆದೆ. ಪುಸ್ತಕದಲ್ಲಿ ಓದಿದಂತೆ ಅದರ ನೆತ್ತಿಯನ್ನು ಸೂಜಿಯಿಂದ ಸ್ವಲ್ಪ ಚುಚ್ಚಿದೆ, ಒಳಗಿನ ವಾಸನೆ ಬರಲೆಂದು. ಆಡಿಸಲಿಲ್ಲ, ಮೂಗಿನ ಹತ್ತಿರ ಹಿಡಿಯಲಿಲ್ಲ. ಡಬ್ಬದೊಳಗಿಟ್ಟು, ಮುಚ್ಚಳ ಹಾಕಿ, ಬೀರುವಿನ ಬಾಗಿಲು ಮುಚ್ಚಿದೆ. ದೊಡ್ಡಮ್ಮ ಲಾಡಿ ಕಟ್ಟಿದರು. ಇಬ್ಬರೂ ಕೆಳಗೆ ಬಂದೆವು. ಆ ಸಂಜೆ ಅವರು ದೇವರ ಮುಂದೆ ದೀಪ ಹಚ್ಚಿದರು, ಊದುಬತ್ತಿ ಹಚ್ಚಲಿಲ್ಲ.

ಊಟದ ಹೊತ್ತಿಗೆ ನನ್ನ ತಟ್ಟೆ ಬಡಿಸಿ, ಸಾರಿನ ಪಾತ್ರೆಯನ್ನು ನನ್ನ ಕೈಗೆಟಕುವಂತೆ ಇಟ್ಟು, "ಬಟ್ಟೆ ಮಡಿಸೋದಿದೆ," ಎಂದು ಆಚೆ ಹೋದರು. ಆ ದಿನ ಮಡಿಸಬೇಕಾದ ಬಟ್ಟೆ ಇರಲಿಲ್ಲವೆಂದು ನನಗೆ ಗೊತ್ತಿತ್ತು. ನಾನು ಎರಡನೇ ಸಲ ಅನ್ನ ಹಾಕಿಕೊಂಡೆ.

ಬೆಳಿಗ್ಗೆ ಗಂಟು ಬಿಚ್ಚಲು ಅವರ ಕೈ ಬರಲಿಲ್ಲ. "ನೀನೇ ನೋಡು. ಇಲ್ಲ ಅಂದ್ರೆ ಇಲ್ಲ ಅಂತ್ಲೇ ಹೇಳು, ಮುಚ್ಚಿಡಬೇಡ," ಎಂದು ಮೆಟ್ಟಿಲ ಮೇಲೆ ನಿಂತರು.

ಡಬ್ಬದಲ್ಲಿ ಕಾಗದದ ಟವೆಲ್ ಒಂದು ಮೂಲೆಗೆ ಮುದ್ದೆಯಾಗಿತ್ತು. ಇಲಿಮರಿ ಇರಲಿಲ್ಲ. ಟವೆಲ್ಲಿನ ಅಂಚನ್ನು ಎತ್ತಿ ಅಡಿಯಲ್ಲೂ ನೋಡಿದೆ. ಮರಿ ಸುರುಳಿ ಸುತ್ತಿಕೊಂಡು ಮಲಗಿತ್ತು. ಮೈಯ ನಡುಭಾಗದಲ್ಲಿ ಅವರೆಕಾಳಿನಷ್ಟು ಉಬ್ಬು.

"ತಿಂದಿದೆ," ಎಂದೆ.

ದೊಡ್ಡಮ್ಮ ಅಲ್ಲೇ ಮೆಟ್ಟಿಲ ಮೇಲೆ ಕೂತರು. ಸೆರಗಿನಿಂದ ಮುಖ ಒರೆಸಿಕೊಂಡು, "ಸರಿ. ಈಗ ಎತ್ತಬೇಡ ಅದನ್ನ. ಉಂಡವರನ್ನ ಮಲಗಕ್ಕೆ ಬಿಡ್ಬೇಕು," ಎಂದರು. ನಾನು ಸಹಪಾಠಿಗೆ ಫೋನ್ ಮಾಡಿ ಬರುವುದು ಬೇಡವೆಂದೆ.

ಮುಂದಿನ ವಾರವೂ ಅದು ತಿಂದಿತು. ಬೆನ್ನು ಮತ್ತೆ ದುಂಡಗಾಯಿತು. ಮೊಸರು ಮೇಲಿನ ಹಲಗೆಗೆ ವಾಪಸ್ಸಾಯಿತು, ದಪ್ಪ ಟವೆಲ್ಲಿನ ಮೇಲೆ. ಬಿಸಿ ಹೆಚ್ಚಾಗಿ ಸ್ವಲ್ಪ ಹುಳಿಯಾಗುತ್ತಿದ್ದರೂ ದೊಡ್ಡಪ್ಪ ಸೊಲ್ಲೆತ್ತಲಿಲ್ಲ. ಆಮೇಲಿನ ವರ್ಷಗಳಲ್ಲಿ ಸಹಪಾಠಿಯ ಪರಿಚಯದವರಿಂದ ತಿನ್ನದ ಮರಿಗಳು ಒಂದೊಂದಾಗಿ ಆ ಬೀರುವಿಗೆ ಬಂದವು. ಎಲ್ಲವೂ ಉಳಿಯಲಿಲ್ಲ. ಒಂದು ಸತ್ತಾಗ ದೊಡ್ಡಮ್ಮ ಈಸ್ಟ್ ಹ್ಯಾಮಿನ ದೇವಸ್ಥಾನದ ಅರ್ಚಕರನ್ನು ಕೇಳಿ, ಅವರು ಹೇಳಿದಷ್ಟು ಮಾಡಿ, ಹಿತ್ತಲಿನ ಗುಲಾಬಿ ಗಿಡದ ಬುಡದಲ್ಲಿ ಮಣ್ಣು ಮಾಡಿಸಿದರು. ಹೆಚ್ಚಿನವು ತಿಂದವು, ಬೆಳೆದವು, ಬಂದ ಮನೆಗಳಿಗೆ ಹೋದವು. ಮೊದಲನೆಯದು ನನ್ನ ಬಳಿಯೇ ಉಳಿಯಿತು. ಈಗ ಅದು ನನ್ನ ತೋಳಿಗಿಂತ ಉದ್ದವಿದೆ.

ನಾನೀಗ ಲಂಡನ್ನಿನ ಇನ್ನೊಂದು ಮೂಲೆಯ ಕೊಲಿಂಡೇಲ್‌ನ ಹೊಸ ಫ್ಲ್ಯಾಟೊಂದರಲ್ಲಿದ್ದೇನೆ. ಇಲ್ಲಿ ಬಿಸಿನೀರಿನ ಟ್ಯಾಂಕ್ ಇಲ್ಲ, ಅಂಥ ಬೀರುವೂ ಇಲ್ಲ. ಹೋದ ವಾರ ಮತ್ತೊಂದು ಮರಿ ಬಂತು, ದಾರದಷ್ಟು ತೆಳು. ನನಗೆ ತಿಳಿದದ್ದನ್ನೆಲ್ಲ ಮಾಡಿ ನೋಡಿದೆ. ತಿನ್ನಲಿಲ್ಲ. ನಿನ್ನೆ ದೊಡ್ಡಮ್ಮನಿಗೆ ಫೋನ್ ಮಾಡಿ ಬೇರೇನೋ ಮಾತಾಡುತ್ತ ಈ ವಿಷಯವನ್ನೂ ಹೇಳಿದೆ. ಆ ಕಡೆ ರಿಸೀವರ್ ಮೇಜಿನ ಮೇಲಿಟ್ಟ ಸದ್ದು ಕೇಳಿಸಿತು. ಆಮೇಲೆ ಮೆಟ್ಟಿಲು ಹತ್ತಿದ ಸದ್ದು, ನಿಧಾನವಾಗಿ ಇಳಿದ ಸದ್ದು.

"ಹೂಂ," ಎಂದರು ಸ್ವಲ್ಪ ಏದುಸಿರಿನಲ್ಲಿ. "ಮೊಸರು ತೆಗೆದಿಟ್ಟಿದೀನಿ. ತಗೊಂಡು ಬಾ."