ಮಗಳ ತೋಳಿನ ನಾಲ್ಕು ಗುಳ್ಳೆ

ಸಿಡುಬು ಬಾರದಂತೆ ದಾಕು ಹಾಕುವವನು ಮೊದಲ ಸಲ ಬಂದಾಗ ನಾನೇನೂ ಬೇಡ ಅನ್ನಲಿಲ್ಲ. ಕಂಬಂ ಕಣಿವೆಯ ನಮ್ಮೂರಲ್ಲಿ ಹಿಂದಿನ ಬೇಸಿಗೆಯಷ್ಟೇ ಸಿಡುಬು ಎರಡು ಮನೆ ಹೊಕ್ಕಿತ್ತು. ಸಣ್ಣ ಮಕ್ಕಳನ್ನೆಲ್ಲ ಚಾವಡಿಗೆ ತರಬೇಕು, ಸರ್ಕಾರದ ಹುಕುಂ ಎಂದು ಊರ ಮುಖ್ಯಸ್ಥ ಮಣಿಯಗಾರರು ತಮಟೆ ಹೊಡೆಸಿದ್ದರು. ಎರಡು ವರ್ಷ ತುಂಬಿದ ಮಗಳನ್ನು ಎತ್ತಿಕೊಂಡು ಹೋದೆ. ದಾಕಿನವನು ದಿಂಡಿಗಲ್ ಕಡೆಯ ತಮಿಳಿನವನು. ಅವಳ ಎಡತೋಳಿನ ಮೇಲೆ ನಾಲ್ಕು ಕಡೆ ಗೀರಿದ. ಅತ್ತು ಸುಮ್ಮನಾದಳು. ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಐದನೆಯ ದಿನಕ್ಕೆ ನಾಲ್ಕೂ ಕಡೆ ಮುತ್ತಿನಂಥ ಗುಳ್ಳೆ ಎದ್ದವು. ಮೈ ಸುಡುತ್ತಿತ್ತು. ಮಾರಿಯಮ್ಮ ಮನೆಗೆ ಬಂದಳು ಎಂದು ಅತ್ತೆ ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದರು. ಒಗ್ಗರಣೆ ನಿಲ್ಲಿಸಿದೆವು. ಅಮ್ಮ ಇಳಿದು ಹೋಗುವ ತನಕ ಆ ಮನೆಯಿಂದ ಉಪ್ಪು, ಮಜ್ಜಿಗೆ, ಒಲೆಯ ಕೆಂಡ ಯಾವುದೂ ಆಚೆ ಹೋಗಬಾರದು. ಕೆಂಡಕ್ಕೆಂದು ಬಂದ ಪಕ್ಕದ ಮನೆಯವಳು ಬೇವು ನೋಡಿ, "ಅಯ್ಯೋ, ನಂಗೆ ಗೊತ್ತಾಗಲಿಲ್ಲ ಅಕ್ಕ" ಎಂದು ಅಲ್ಲಿಂದಲೇ ತಿರುಗಿದಳು.

ಎಂಟನೆಯ ದಿನ ಬೆಳಿಗ್ಗೆ ಮಣಿಯಗಾರರೇ ಬಂದರು. ನನ್ನ ಗಂಡನಿಗೆ ವರಸೆಯಲ್ಲಿ ಮಾವ. ದಾಕಿನವನು ಮತ್ತೆ ಚಾವಡಿಗೆ ಬಂದಿದ್ದಾನಂತೆ, ಮಗಳ ಗುಳ್ಳೆ ಚೆನ್ನಾಗಿ ಎದ್ದಿದೆಯಂತೆ. ಅದನ್ನು ಒಡೆದು, ಆ ನೀರು ತೆಗೆದು ಮಿಕ್ಕ ಮಕ್ಕಳಿಗೆ ಹಾಕುತ್ತಾರಂತೆ.

"ನಿನ್ನ ಮಗಳು ಊರಿಗೆಲ್ಲ ಹಾಲು ಕೊಡೋ ಹಸು ಆದಳು ಕಣಮ್ಮ" ಎಂದು ನಕ್ಕರು.

"ಹಸೂನಾದರೂ ಕಟ್ಟಿದವರ ಕೇಳಿ ಕರೀತಾರೆ ಮಾವ" ಎಂದೆ. ಬಾಯಿ ಮೀರಿ ಬಂತು.

ಅವರ ನಗೆ ನಿಂತಿತು. ನನ್ನ ಗಂಡನ ಕಡೆ ತಿರುಗಿ, "ನಾಳಿದ್ದು ಕಾಲುವೆ ನೀರಿನ ಸರದಿ ನಿಂದೇ ಅಲ್ಲವಾ ಅಳಿಯ?" ಎಂದು ಕೇಳಿ ಹೊರಟುಹೋದರು.

ಇವರು ತಲೆ ತಗ್ಗಿಸಿ ಕೂತರು. ಅತ್ತೆ ಒಳಗಿಂದಲೇ ಕೂಗಿದರು: "ಕೆಂಡ ಕೊಡದ ಮನೇಲಿ ಅಮ್ಮನನ್ನೇ ತೆಗೆದು ಕೊಡ್ತೀರೇನೋ? ಅವಳು ಮುನಿದರೆ ಸರ್ಕಾರ ಬಂದು ಕೂಸಿನ ಪಕ್ಕ ಕೂರುತ್ತಾ?"

"ಪೈರು ಒಣಗಿದರೆ ಕೂಸಿಗೆ ಏನು ತಿನ್ನಿಸಲಿ ಅವ್ವ?" ಎಂದರು ಇವರು.

ಬೇವಿನೆಲೆಯಿಂದ ಮಗಳ ತೋಳು ಮುಚ್ಚಿ ಎತ್ತಿಕೊಂಡು ನಡೆದೆ. ದಾರಿಯುದ್ದಕ್ಕೂ ಅವಳಿಗೆ ಪಾಠ ಹೇಳಿದೆ: "ತೋಳು ಕೊಡು. ಮೊಗ ಆ ಕಡೆ ತಿರುಗಿಸು. ಅಳಬೇಡ. ಬೆಲ್ಲ ಕೊಡ್ತೀನಿ." ಚಾವಡಿಯಲ್ಲಿ ತಾಯಂದಿರು ಸಾಲಾಗಿ ಕೂತಿದ್ದರು. ಯಾರೂ ನನ್ನ ಮುಖ ನೋಡಲಿಲ್ಲ. ಅವರಿಗೂ ಮನಸ್ಸಿರಲಿಲ್ಲ, ಪಾಪ.

ದಾಕಿನವನು ಒಂದೊಂದೇ ಗುಳ್ಳೆ ಒಡೆದು, ನೀರು ತೆಗೆದು ಮಿಕ್ಕ ಮಕ್ಕಳ ತೋಳಿಗೆ ಹಾಕತೊಡಗಿದ. ಮಗಳು ಹೇಳಿಕೊಟ್ಟಂತೆ ಮೊಗ ತಿರುಗಿಸಿ ತುಟಿ ಕಚ್ಚಿ ಕೂತಿದ್ದಳು. ಮೂರಾದ ಮೇಲೆ ಕೈ ಮುಗಿದು, ನನಗೆ ಬರುವ ತಮಿಳಿನಲ್ಲಿ, ಒಂದನ್ನಾದರೂ ಅಮ್ಮನಿಗೆ ಬಿಡಪ್ಪ ಎಂದೆ. ಬಿಟ್ಟ. ಅಷ್ಟು ಕರುಣೆಯನ್ನು ಇಂದಿಗೂ ನೆನೆಯುತ್ತೇನೆ. ಅವಳನ್ನು ನನ್ನ ಮಡಿಲಲ್ಲೇ ಇರಗೊಟ್ಟ, ಅದೂ ಒಂದು.

ಜ್ವರ ಇಳಿಯಿತು, ತೋಳು ಮಾಯಿತು. ಮರುವರ್ಷ ಊರಿಗೆ ಸಿಡುಬು ಬರಲಿಲ್ಲ. ಸರ್ಕಾರ ತನ್ನಿಂದ ಎನ್ನಲಿ, ನಾನು ಅಮ್ಮನಿಂದ ಎನ್ನುತ್ತೇನೆ, ಅದಕ್ಕೆ ಜಗಳವಿಲ್ಲ. ಒಂದು ಮಾತು ಕೇಳಿದ್ದರೆ ನಾನೇ ಒಪ್ಪುತ್ತಿದ್ದೆನೋ ಏನೋ. ಯಾರೂ ಕೇಳಲಿಲ್ಲ.

ಹಬ್ಬಕ್ಕೆ ಮುಂಚೆ ಬಳೆಶೆಟ್ಟಿ ಬಂದು ಜಗಲಿಯ ಮೇಲೆ ಬಳೆಗಳ ಮಲಾರ ಇಳಿಸಿದ. ಹಸಿರು ಬಳೆ ತೋರಿಸಿ, "ಬಾ ತಾಯಿ, ಕೈ ಕೊಡು" ಎಂದು ಮಗಳನ್ನು ಕರೆದ. ಅವಳು ಅವನ ಮುಂದೆ ಹೋಗಿ ಕೂತಳು. ರವಿಕೆಯ ತೋಳನ್ನು ಭುಜದವರೆಗೆ ತಾನೇ ಸರಿಸಿ, ಕೈ ಚಾಚಿ, ಮೊಗ ಆ ಕಡೆ ತಿರುಗಿಸಿದಳು.

"ಎಷ್ಟು ಒಳ್ಳೆ ಕೂಸಮ್ಮ, ಅಳೋದೇ ಇಲ್ಲ!" ಎಂದ ಶೆಟ್ಟಿ.