ಬೈಗುಳಕ್ಕೆ ಹಾಲು ಬಿಡುವ ಆಡು

ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಪ್ರಮಾಣಪತ್ರವನ್ನು ಗಾಜು ಹಾಕಿಸಿ ತೂಗುಹಾಕಿದ್ದೇವೆ. ಅದರಲ್ಲಿ ನಮ್ಮ ಅತ್ತೆಯ ಹೆಸರಿನ ಕೆಳಗೆ "ಉತ್ತಮ ಹಾಲಿನ ಎಮ್ಮೆ, ಪ್ರಥಮ" ಎಂದು ಬರೆದಿದೆ. ನಮ್ಮಲ್ಲಿ ಎಮ್ಮೆ ಇಲ್ಲ, ಹಿಂದೆಯೂ ಇರಲಿಲ್ಲ. ಬಂದವರು ಅದನ್ನು ಓದಿ, ಅತ್ತೆಯ ಕಡೆ ಒಮ್ಮೆ ನೋಡುತ್ತಾರೆ. ನಾನು ವಿವರಿಸಲು ಹೋಗುವುದಿಲ್ಲ. ವಿವರಿಸಹೊರಟರೆ ಮೊದಲು ಹೋಗುವುದು ನನ್ನ ಮಾನ.

ನಾನು ಹುಟ್ಟಿ ಬೆಳೆದದ್ದು ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ. ಅಲ್ಲಿ ಹಾಲೆಂದರೆ ಬೆಳಿಗ್ಗೆ ಗೇಟಿಗೆ ಕಟ್ಟಿದ ಚೀಲದಲ್ಲಿ ಬಂದು ಬೀಳುವ ಪಾಕೀಟು. ಮದುವೆಯಾಗಿ ಕುರುಗೋಡಿನ ಹೊರಗಿನ ಹೊಲದ ಮನೆಗೆ ಬಂದೆ, ಊರಿನ ಹೈಸ್ಕೂಲಿನಲ್ಲಿ ಗಣಿತದ ಟೀಚರಾದೆ. ಅತ್ತೆಗೆ ಆಗಲೇ ಆಡಿನ ಹುಚ್ಚು ಹತ್ತಿತ್ತು. ನಮ್ಮ ಕಡೆ ಎಲ್ಲರೂ ಆಡು ಸಾಕುವುದು ಮಾಂಸಕ್ಕೆ, ಅತ್ತೆ ಸಾಕುವುದು ಹಾಲಿಗೆ. ಎಲ್ಲಿಂದಲೋ ಉದ್ದ ಕಿವಿಯ, ಡೊಂಕು ಮೂಗಿನ ಜಮುನಾಪಾರಿ ಹೋತ ತರಿಸಿ ನಾಡ ಆಡಿಗೆ ಕೂಡಿಸುವುದು, ಹುಟ್ಟಿದ ಹೆಣ್ಣುಮರಿಗಳಲ್ಲಿ ಹೆಚ್ಚು ಹಾಲು ಕೊಟ್ಟದ್ದನ್ನು ಉಳಿಸಿಕೊಳ್ಳುವುದು, ಮತ್ತೆ ಬೇರೆ ಹೋತ ತರಿಸುವುದು. ಹೀಗೆ ಮಾಡಿ ಮಾಡಿ ಕೊನೆಗೆ ಒಂದು ಆಡು ಕೈಗೆ ಬಂತು. ಕಂದು ಬಣ್ಣ, ನೆಲ ಮುಟ್ಟುವಂಥ ಕೆಚ್ಚಲು, ತಹಶೀಲ್ದಾರರ ಗತ್ತು. ದಿನಕ್ಕೆ ಮೂರು ಲೀಟರ್ ಹಾಲು. ಊರಲ್ಲಿ ಯಾರೂ ನಂಬುತ್ತಿರಲಿಲ್ಲ.

ಇಲ್ಲಿ ನನ್ನ ತಪ್ಪನ್ನು ಹೇಳಿಬಿಡಬೇಕು. ನಾನು ಆ ಹಾಲನ್ನು ಒಂದು ದಿನವೂ ಕುಡಿದಿರಲಿಲ್ಲ. ಕಾರಣ ಹೋತ. ಹೋತವನ್ನು ಹಾಲಿನ ಆಡಿನ ಹತ್ತಿರ ಕಟ್ಟಿದರೆ ಹಾಲಿಗೂ ವಾಸನೆ ಹಿಡಿಯುತ್ತದೆಂದು ಅತ್ತೆ ಅದನ್ನು ಹೊಲದ ಆ ತುದಿಯ ಬೇವಿನ ಮರಕ್ಕೆ ಕಟ್ಟುತ್ತಿದ್ದರು. ನಾನು ಸಾಲೆಗೆ ಹೋಗುವ ಕಾಲುದಾರಿ ಇದ್ದದ್ದು ಅದೇ ಬೇವಿನ ಮರದ ಕೆಳಗೆ. ಹೋತಕ್ಕೆ ನನ್ನ ಸೀರೆಯ ಮೇಲೆ ಬಲು ಪ್ರೀತಿ. ಬಂದು ಮೈ ತಿಕ್ಕಿತೆಂದರೆ ಮುಗಿಯಿತು, ಆ ದಿನ ಸ್ಟಾಫ್ ರೂಮಿನಲ್ಲಿ ಮೂರು ಜನರ ಬೆಂಚು ನನ್ನೊಬ್ಬಳದೇ. ಆಡಿನ ಹಾಲಿನ ಲೋಟ ಮೂಗಿನ ಹತ್ತಿರ ತಂದರೆ ಸಾಕು, ನನಗೆ ಆ ಬೇವಿನ ಮರ ನೆನಪಾಗುತ್ತಿತ್ತು. ಹಾಲಿನಲ್ಲಿ ನಿಜಕ್ಕೂ ವಾಸನೆ ಇತ್ತೋ ಇಲ್ಲವೋ ದೇವರೇ ಬಲ್ಲ, ನಾನು ಬಾಯಿಗೆ ಇಟ್ಟು ನೋಡಿದವಳಲ್ಲ. ಚಹಾ ಮಾಡುವುದು ನನ್ನ ಪಾಲಿನ ಕೆಲಸವಾದ್ದರಿಂದ ಸಾಲೆಯಿಂದ ಬರುವಾಗ ಪುಸ್ತಕದ ಚೀಲದಲ್ಲಿ ಒಂದು ಪಾಕೀಟು ಹಾಲು ತರುತ್ತಿದ್ದೆ. ಎಂಟು ವರ್ಷ ಮನೆಮಂದಿಯೆಲ್ಲ ಅದೇ ಚಹಾ ಕುಡಿದರು. ಬಂದವರ ಮುಂದೆ ಅತ್ತೆ ಲೋಟ ಎತ್ತಿ ಹೇಳುವರು: "ನೋಡ್ರಿ, ಆಡಿನ ಹಾಲು ಅಂದ್ರ ಮೂಗು ಮುರೀತೀರಿ. ಏನರ ವಾಸನಿ ಐತೇನ್ರಿ ಇದ್ರಾಗ?" ಬಂದವರು ಇಲ್ಲ ಎನ್ನುವರು. ನಾನು ಒಲೆಯ ಕಡೆ ತಿರುಗಿಕೊಳ್ಳುವೆ.

ಅಡುಗೆಮನೆಗೆಂದು ಬಂದ ಆಡಿನ ಹಾಲನ್ನು ಮೊದಮೊದಲು ನಾಯಿಗೆ ಹಾಕುತ್ತಿದ್ದೆ. ಎಂಟನೆಯ ವರ್ಷ ಕಂದು ಆಡು ಒಂದು ಗಂಡುಮರಿ ಹಾಕಿತು. ಅದಕ್ಕೆ ಬಾಟಲಿಯಲ್ಲಿ ಕುಡಿಸತೊಡಗಿದೆ. ಮರಿ ತಾಯಿಯ ಪಾಲನ್ನೂ ಕುಡಿದು ನನ್ನ ಪಾಲನ್ನೂ ಕುಡಿದು ಮಿರಿಮಿರಿ ಮಿಂಚತೊಡಗಿತು. ಅತ್ತೆ ಅದರ ಬೆನ್ನು ಸವರಿ "ತಳಿ ಅಂದ್ರ ಇದು" ಎಂದು ಹಿಗ್ಗುತ್ತಿದ್ದರು. ಆ ಮರಿಯೆಂದರೆ ನನಗೂ ಜೀವ. ನನ್ನ ಗುಟ್ಟು ಗೊತ್ತಿದ್ದುದು ಅದೊಂದಕ್ಕೇ.

ಗಂಡುಮರಿಯ ಹಣೆಬರಹ ಎಲ್ಲರಿಗೂ ಗೊತ್ತಿದ್ದದ್ದೇ. ಮನೆಯಲ್ಲಿ ಒಂದು ಹೋತ ಇರುವಾಗ ಎರಡನೆಯದನ್ನು ಇಟ್ಟುಕೊಳ್ಳಲಾಗದು ಎಂದು ನನ್ನ ಗಂಡ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಮಾಂಸದಂಗಡಿಯವನು ಒಮ್ಮೆ ಬಂದು ಮರಿಯ ಸೊಂಟ ಒತ್ತಿ ನೋಡಿಹೋಗಿದ್ದ. ಆಗಲೇ ಸಿರುಗುಪ್ಪದಲ್ಲಿ ಜಾನುವಾರು ಪ್ರದರ್ಶನ, ಹಾಲು ಹಿಂಡುವ ಸ್ಪರ್ಧೆ ಎಂಬ ಸುದ್ದಿ ಬಂತು. ಅಲ್ಲಿ ತಾಯಿ ಗೆದ್ದರೆ ಅದರ ಗಂಡುಮರಿಯನ್ನು ತಳಿಗಾಗಿ ಒಯ್ಯಲು ಜನ ತಾವಾಗಿ ಬರುತ್ತಾರೆ ಎಂದು ಅತ್ತೆಯ ವಾದ. ಸರಿ, ಹಾಗೇ ಆಗಲಿ ಎಂದರು ಗಂಡ. ಗೆದ್ದರೆ ಹೋತ, ಸೋತರೆ ಸಾರು.

ಆಡಿಗೆ ಒಂದು ವಿಚಿತ್ರ ಚಟ ಇತ್ತು. ಅದು ಗೊತ್ತಾದದ್ದು ನಾನು ತಂಗಿಯ ಬಾಣಂತನಕ್ಕೆಂದು ತವರಿಗೆ ಹೋದಾಗ. ನಾನು ಹೋದ ಮರುದಿನವೇ ಹಾಲು ಅರ್ಧಕ್ಕೆ ಇಳಿಯಿತು. ಡಾಕ್ಟರು ಬಂದು ಕೆಚ್ಚಲು ಹಿಚುಕಿ ನೋಡಿದರು, ಬಾವಿಲ್ಲ, ಜ್ವರವಿಲ್ಲ. ನಾನು ವಾಪಸ್ಸು ಬಂದ ಬೆಳಿಗ್ಗೆ ಅತ್ತೆ ಚರಿಗೆ ಹಿಡಿದು ಕೂತವರು ಎಂದಿನಂತೆ ಶುರುಮಾಡಿದರು: "ಬಂದ್ಲು ನೋಡು ಮಹಾರಾಣಿ! ಸಾಲ್ಯಾಗ ಲೆಕ್ಕ ಕಲಸ್ತಾಳಂತ, ಸಾರಿಗೆ ಉಪ್ಪು ಎಷ್ಟು ಹಾಕ್ಬೇಕಂತ ಲೆಕ್ಕ ಬರಂಗಿಲ್ಲ!" ಸೊರ್ ಎಂದು ಹಾಲು ಇಳಿಯಿತು. ಚರಿಗೆ ತುಂಬಿ ನೊರೆ ಹೊರಗೆ ಬಂತು.

ವಿಷಯ ಇಷ್ಟೇ. ಅತ್ತೆ ದಿನಾ ಹಾಲು ಹಿಂಡುವಾಗ ನನ್ನನ್ನು ಬೈಯುತ್ತಾರೆ. ನಾನು ಆಡಿನ ಮುಂದೆ ಶೇಂಗಾ ಹೊಟ್ಟು ಹಿಡಿದು ನಿಂತು ಬೈಸಿಕೊಳ್ಳುತ್ತೇನೆ. ಆ ಆಡು ಮೊದಲ ಸೂಲಿನಿಂದ ಅದನ್ನೇ ಕೇಳಿ ಕೇಳಿ, ಬೈಗುಳವಿಲ್ಲದೆ ಹಾಲು ಇಳಿಸದಂತಾಗಿತ್ತು. ಗಂಡ ಪ್ರಯೋಗ ಮಾಡಿ ನೋಡಿದರು. ಅತ್ತೆ ಮಗನನ್ನು ಬೈದರೆ ಆಗಲಿಲ್ಲ. ನನ್ನನ್ನು ತವರಿಗೆ ಕಳಿಸಿ ವಿಡಿಯೊ ಕಾಲ್ ಮಾಡಿ, ಫೋನನ್ನು ಹುಲ್ಲಿನ ಗೋದಲಿಯಲ್ಲಿಟ್ಟು ಬೈಸಿದರು. ಸತ್ಯನಾರಾಯಣಪೇಟೆಯ ಮಾಳಿಗೆಯ ಮೇಲೆ ಹಲ್ಲುಜ್ಜುತ್ತ ನಿಂತು ನಾನು ಬೈಸಿಕೊಂಡೆ, ಪಕ್ಕದ ಮಾಳಿಗೆಯವರು ಬಟ್ಟೆ ಒಣಹಾಕುವುದನ್ನು ಬಿಟ್ಟು ಕೇಳಿದರು. ಆದರೂ ಹಾಲು ಅರ್ಧವೇ. ಎದುರು ನಿಂತ ಸೊಸೆಯನ್ನೇ ಬೈಯಬೇಕು, ಆಗಲೇ ಪೂರ್ತಿ. ಇದರಿಂದ ನನಗೆ ಸಿಟ್ಟು ಬಂದಿತ್ತು, ನಿಜ. ಆದರೆ ಊರಲ್ಲಿ ಯಾವ ಸೊಸೆಗೆ ತಾನು ಇಲ್ಲದಿದ್ದರೆ ಮನೆ ನಡೆಯುವುದಿಲ್ಲ ಎಂಬುದಕ್ಕೆ ಇಷ್ಟು ಗಟ್ಟಿ ಸಾಕ್ಷಿ ಸಿಕ್ಕೀತು?

ಸಿರುಗುಪ್ಪಕ್ಕೆ ಹೊರಟ ಗೂಡ್ಸ್ ಆಟೋದಲ್ಲಿ ಆಡು, ಮರಿ, ಹೊಟ್ಟಿನ ಚೀಲ, ಚರಿಗೆ, ನಾನು ಎಲ್ಲರೂ ಹಿಂದೆ. ಅತ್ತೆ ಮುಂದೆ, ಡ್ರೈವರ್ ಪಕ್ಕ. ಗಂಡ ಬೈಕಿನಲ್ಲಿ ಹಿಂಬಾಲಿಸಿದರು. ಹೆಸರು ಬರೆಸುವಲ್ಲೇ ಮೊದಲ ಗೊಂದಲ. ಅಚ್ಚಾದ ಅರ್ಜಿಯಲ್ಲಿ ಆಕಳು, ಎಮ್ಮೆ ಎರಡೇ ಕಲಂ ಇದ್ದವು. ಬರೆದುಕೊಳ್ಳುವವರು ಪೆನ್ನು ಕಚ್ಚಿ ಯೋಚಿಸಿ "ಇದರ ಕೊಂಬು ಹಿಂದಕ್ಕ ಐತಲ್ರಿ, ಎಮ್ಮಿ ಸಾಲಿನಾಗ ಹಾಕ್ತೀನಿ" ಎಂದರು. ಆಡುಗಳು ಒಟ್ಟು ನಾಲ್ಕು ಬಂದಿದ್ದವು. ನಾಲ್ಕೂ ಆ ದಿನ ಎಮ್ಮೆಗಳಾದವು, ಸ್ಪರ್ಧೆ ಮಾತ್ರ ಆ ನಾಲ್ಕರ ನಡುವೆಯೇ.

ಹಿಂದಿನ ಸಂಜೆ ತೀರ್ಪುಗಾರರ ಎದುರೇ ಎಲ್ಲವುಗಳ ಕೆಚ್ಚಲು ಬರಿದು ಮಾಡಬೇಕು, ಮರುದಿನ ಬೆಳಿಗ್ಗೆ ಅರ್ಧ ತಾಸಿನೊಳಗೆ ಹಿಂಡಿದ್ದೇ ಲೆಕ್ಕ. ಸಂಜೆ ಜನ ಕಡಿಮೆ ಇದ್ದರು, ಅತ್ತೆ ಹಲ್ಲು ಕಚ್ಚಿ ಪಿಸುಮಾತಿನಲ್ಲಿ ಬೈದು ಕೆಲಸ ಸಾಗಿಸಿದರು. ಬೆಳಿಗ್ಗೆ ನೋಡಿದರೆ ಜಾತ್ರೆಯಂತೆ ಜನ ನೆರೆದಿದ್ದಾರೆ. ನನ್ನ ಸಾಲೆಯ ಮಕ್ಕಳ ತಂದೆತಾಯಿಗಳೂ ಇದ್ದಾರೆ. ಮೈಕಿನವರು ಬಂದು "ತಾಯಿ, ನಿಮ್ಮ ಜತಿ ನಿಂತಾಕಿ ಯಾರ್ರಿ?" ಎಂದು ಅತ್ತೆಯ ಬಾಯಿಗೇ ಮೈಕು ಹಿಡಿದರು.

ಅತ್ತೆ ಸೆರಗು ಸರಿಮಾಡಿಕೊಂಡರು. "ಸೊಸಿ ರೀ. ಸೊಸಿ ಅಲ್ಲ, ಮಗಳು ಅನ್ರಿ. ಟೀಚರ್ ಅದಾಳ. ಬಂಗಾರದಂಥಾಕಿ."

ಆಡು ತಲೆ ಎತ್ತಿ ಅತ್ತೆಯನ್ನು ನೋಡಿತು. ಗಂಟೆ ಬಾರಿಸಿ ಸ್ಪರ್ಧೆ ಶುರುವಾಯಿತು. ಅತ್ತೆ ಎರಡೂ ಕೈಯಿಂದ ಹಿಂಡುತ್ತಾರೆ, ಹೊಗಳಿಕೆ ಕೇಳಿ ಮುನಿಸಿಕೊಂಡಿತೋ ಏನೋ, ಅರ್ಧವೂ ಇಲ್ಲ, ಬರುವುದು ನಾಲ್ಕು ಹನಿ. ಪಕ್ಕದ ಚರಿಗೆಗಳಲ್ಲಿ ಸೊರ್ ಸೊರ್ ಸದ್ದು.

"ಬೈರಿ ಅತ್ತೀ," ಎಂದೆ ಮೆಲ್ಲಗೆ.

"ಮಂದಿ ಅದಾರ."

"ಇರ್ಲಿ ಬೈರಿ. ಮರಿ ಹೋಗತೈತಿ."

"ನಾಕು ಮಂದ್ಯಾಗ ಟೀಚರ್‌ನ ಬೈಯ್ಯಾಕ ನನ್ ನಾಲಿಗಿ ಬರವಲ್ದಲ್ಲ," ಎಂದು ಅತ್ತೆ ಅಳುವ ದನಿಯಲ್ಲಿ ಹೇಳಿ, ಆಡಿಗಷ್ಟೇ ತಿಳಿಯಲೆಂದು ಸಪ್ಪಗೆ ಒಂದೆರಡು ಮಾತು ಆಡಿದರು. "ಸೊಸಿ... ಸ್ವಲ್ಪ ತಡಾ ಮಾಡಿ ಏಳ್ತಾಳ." ಆಡು ಅಂಥದ್ದಕ್ಕೆಲ್ಲ ಬಗ್ಗುವಂಥದ್ದಲ್ಲ. ಬೇಲಿಯಾಚೆ ನಿಂತಿದ್ದ ತೆಲುಗಿನ ಹಿರಿಯರೊಬ್ಬರು "ಪಾಲು ರಾವಟ್ಲೇದಾ ಅಮ್ಮಾ?" ಎಂದು ಮರುಕದಿಂದ ಕೇಳಿದರು. ಹಾಲು ಬರುತ್ತಿಲ್ಲವೆಂಬುದು ಎರಡೂ ಭಾಷೆಯವರಿಗೆ ಕಾಣುತ್ತಿತ್ತು. ಗಂಡ ವಾಚು ನೋಡಿದರು. ಮರಿ ನನ್ನ ಚೀಲದೊಳಗೆ ಮೂತಿ ತೂರಿಸಿ ಬಾಟಲಿ ಹುಡುಕುತ್ತಿತ್ತು. ಸುಳ್ಳು ಜಗಳ ತೆಗೆದರೆ ಅತ್ತೆ ನಗುತ್ತಾರೆ, ಅವರನ್ನು ನಿಜವಾಗಿ ಕೆರಳಿಸುವ ಮಾತು ನನ್ನ ಹತ್ತಿರ ಇದ್ದದ್ದು ಒಂದೇ.

"ಅತ್ತೀ," ಎಂದೆ. "ಎಂಟು ವರ್ಷದಾಗ ನಾ ಒಂದು ಹನಿ ಆಡಿನ ಹಾಲು ಕುಡಿದಿಲ್ರಿ. ಚಾಕ್ಕ ಹಾಕಿದ್ದು ಪಾಕೀಟ್ ಹಾಲು. ನೀವು ಕುಡಿದಿದ್ದೂ ಅದ, ಬಂದೋರಿಗೆ ಕುಡಿಸಿ ಹೊಗಳಿಸಿಕೊಂಡಿದ್ದೂ ಅದ. ಆಡಿನ ಹಾಲು ಈ ಮರಿ ಕುಡಿದೈತಿ."

ಅತ್ತೆಯ ಕೈ ನಿಂತಿತು. ಮೊದಲು ಮುಖ ಬಿಳಿಚಿತು, ಆಮೇಲೆ ಕೆಂಪಾಯಿತು.

"ಏನಂದಿ?" ಎಂದರು. ಅಲ್ಲಿಂದ ಮುಂದಿನದನ್ನು ನಾನು ಪೂರ್ತಿ ಬರೆಯಲಾರೆ. "ಮನಿಹಾಳಿ! ಪ್ಯಾಟಿ ಸೊಕ್ಕಿನಾಕಿ! ನನ್ನ ಕೈಲೆ ಎಂಟು ವರ್ಷ ಸುಳ್ಳು ಹೇಳಿಸಿದೆಲ್ಲಲೇ!" ಎಂಬಲ್ಲಿಗೆ ಆಡು ಕಣ್ಣು ಅರೆಮುಚ್ಚಿ ಸಮಾಧಾನದ ನಿಟ್ಟುಸಿರು ಬಿಟ್ಟಿತು. ಹಾಲು ಧಾರೆಯಾಗಿ ಇಳಿಯಿತು. ಅತ್ತೆ ಬೈದಷ್ಟೂ ಇಳಿಯಿತು. ನನ್ನ ತವರಿನ ಮೂರು ತಲೆಮಾರು ಮುಗಿಯುವ ಹೊತ್ತಿಗೆ ಒಂದು ಚರಿಗೆ ತುಂಬಿ ಇನ್ನೊಂದನ್ನು ತರಬೇಕಾಯಿತು. ಜನ ಚಪ್ಪಾಳೆ ಹೊಡೆದರು, ಹಾಲಿಗೋ ಬೈಗುಳಕ್ಕೋ ತಿಳಿಯಲಿಲ್ಲ. ಮೈಕು ಇನ್ನೂ ಅಲ್ಲೇ ಇತ್ತು, ಆನ್ ಆಗಿಯೇ ಇತ್ತು.

ನಾವು ಗೆದ್ದೆವು. ಶಾಲು ಹೊದಿಸಿದರು, ಎಮ್ಮೆಯ ಪ್ರಮಾಣಪತ್ರ ಕೊಟ್ಟರು. ಕೊಳಗಲ್ಲಿನ ರೈತರೊಬ್ಬರು ಮರಿಯನ್ನು ತಳಿಗೆ ಬೇಕೆಂದು ಅಲ್ಲೇ ಕೇಳಿದರು. ಅವರ ಮನೆಯಲ್ಲಿ ಹತ್ತು ಹೆಣ್ಣಾಡುಗಳಿವೆಯಂತೆ. ಮಾತು ಮುಗಿದು, ಅದು ಅವರ ಆಟೋದಲ್ಲಿ ನಿಂತು ನನ್ನ ಚೀಲದ ಕಡೆ ನೋಡುತ್ತಲೇ ಹೊರಟಿತು. ಬಾಟಲಿಯನ್ನೂ ಅವರಿಗೇ ಕೊಟ್ಟುಬಿಟ್ಟೆ. ಖುಷಿಪಡಬೇಕಾದ ಹೊತ್ತಿನಲ್ಲಿ ನಾನು ಆ ಆಟೋದ ಧೂಳು ಇಳಿಯುವವರೆಗೂ ಅಲ್ಲೇ ನಿಂತಿದ್ದೆ.

ಮನೆಗೆ ಬಂದ ಮೇಲೆ ಅತ್ತೆ ನನ್ನನ್ನು ಬೈಯಲಿಲ್ಲ. ಬದಲಿಗೆ ಮರ್ಯಾದೆ ಕೊಡತೊಡಗಿದರು. "ಏಳ್ರಿ ಟೀಚರ್, ಹೊತ್ತಾತು. ಊಟಾ ಮಾಡ್ರಿ." ಎಂಟು ವರ್ಷ 'ಲೇ' ಎಂದು ಕರೆದವರ ಬಾಯಲ್ಲಿ ಆ 'ರೀ' ಕೇಳಿ ನನಗೆ ಊಟ ಇಳಿಯಲಿಲ್ಲ. ಚಹಾ ಕುಡಿಯುವುದನ್ನೇ ಬಿಟ್ಟರು. ಬಂದವರು ಅಭಿನಂದಿಸಿದರೆ ತಲೆ ತಗ್ಗಿಸಿ ಕೂರುತ್ತಿದ್ದರು. ಆಡು ಹಾಲು ಬತ್ತಿಸಿಕೊಳ್ಳತೊಡಗಿತು. ಚರಿಗೆಯ ತಳ ಮುಚ್ಚುವಷ್ಟೂ ಬರುತ್ತಿರಲಿಲ್ಲ, ಅತ್ತೆ ಅದಕ್ಕೂ ಏನೂ ಅನ್ನುತ್ತಿರಲಿಲ್ಲ. ಅವರನ್ನು ನಾನು ನೋಯಿಸಿದ್ದೆ. ಮರಿಯನ್ನು ಉಳಿಸಲು ಹೋಗಿ ಮನೆಯ ಮಾತನ್ನು ಕಳೆದುಕೊಂಡಿದ್ದೆ.

ಐದನೆಯ ದಿನ ಬೆಳಿಗ್ಗೆ, ಅವರು ಹಿಂಡಿ ತಂದಿಟ್ಟಿದ್ದ ಆ ಇಷ್ಟೇ ಇಷ್ಟು ಹಾಲಿಗೆ ನೀರು ಬೆರೆಸದೆ ಚಹಾ ಮಾಡಿದೆ. ಲೋಟ ಹಿಡಿದು ದೊಡ್ಡಿಗೆ ಹೋದೆ. ಅತ್ತೆ ಇನ್ನೊಮ್ಮೆ ಬಂದೀತೇನೋ ಎಂದು ಕೆಚ್ಚಲು ಸವರುತ್ತ ಕೂತಿದ್ದರು. ಅವರ ಎದುರು ನಿಂತು ಒಂದು ಗುಟುಕು ಕುಡಿದೆ.

"ಹೆಂಗೈತ್ರಿ?" ಎಂದರು, ಮುಖ ಎತ್ತದೆ.

"ಚೊಲೋ ಐತ್ರಿ ಅತ್ತೀ," ಎಂದೆ. ಅಷ್ಟರಲ್ಲಿ ಬೇವಿನ ಮರ ನೆನಪಾಗಿ, ಎಷ್ಟು ತಡೆದರೂ ಮುಖ ಕಿವುಚಿಕೊಂಡಿತು.

ಅತ್ತೆ ನೋಡಿಬಿಟ್ಟರು.

"ಮತ್ತ ಸುಳ್ಳು!" ಎಂದರು. "ಮಾರಿ ನೋಡು ಹೆಂಗ್ ಮಾಡ್ಯಾಳ! ಬೇವಿನಕಾಯಿ ತಿಂದಂಗ! ಊರ ಮಂದಿಗೆಲ್ಲ ಬುದ್ಧಿ ಹೇಳಾಕಿಗೆ ಒಂದ್ ಲೋಟ ಹಾಲು ಕುಡಿಯಾಕ ಬರಂಗಿಲ್ಲೇನಲೇ?"

ಸೊರ್ ಎಂದಿತು ಚರಿಗೆ. ನನ್ನ ಕಣ್ಣಲ್ಲಿ ನೀರು ಬಂದುಬಿಟ್ಟಿತು. ಲೋಟವನ್ನು ಕೆಳಗಿಟ್ಟು ಶೇಂಗಾ ಹೊಟ್ಟಿಗೆ ಕೈ ಹಾಕಿದೆ.

"ಅದನ್ನ ಯಾಕ ಕೆಳಗ ಇಟ್ಟಿ? ಖಾಲಿ ಮಾಡು ಮೊದ್ಲು!"

ಅಭ್ಯಾಸಬಲದಿಂದ ಪಕ್ಕಕ್ಕೆ ನೋಡಿದೆ. ಮರಿ ಕಟ್ಟುತ್ತಿದ್ದ ಗೂಟ ಬರಿದಾಗಿತ್ತು. ಮೂಗು ಹಿಡಿದುಕೊಂಡು ನಾನೇ ಕುಡಿದೆ.